ಎಡದಿಂದ ಬಲಕ್ಕೆ ಮುಗಿದ ಮೇಲೆ

ಕವಿತೆಗೆ ವಿಮರ್ಶೆ ಉಂಟು, ಕಾದಂಬರಿಗೆ ಉಂಟು, ನಾಟಕಕ್ಕೆ ಉಂಟು. ಫೋಟೋದ ಕೆಳಗೆ ಅಚ್ಚಾಗುವ ಒಂದೂವರೆ ಸಾಲಿಗೆ ಯಾಕಿಲ್ಲ? ನಮ್ಮ ಜನ ದಿನಾ ಎದುರಾಗುವ ಸಾಹಿತ್ಯ ಅದೇ. ಅಕ್ಷರ ಬಾರದ ಮನೆಗೆ ಪೇಪರು ಬಂದರೂ ಮೊದಲು ನೋಡುವುದು ಫೋಟೋ. ಅಕ್ಷರ ಕಲಿತ ಮಗನನ್ನು ಮೊದಲು ಕೇಳುವುದು "ಇದ್ಯಾರೋ?" ಅಂತ. ಆ ಪ್ರಶ್ನೆಗೆ ಅಚ್ಚಿನ ಸಾಲು ಯಾರ ಬಗ್ಗೆ ಉತ್ತರ ಕೊಡುತ್ತದೆ, ಯಾರ ಬಗ್ಗೆ ಬಾಯಿ ಮುಚ್ಚಿಕೊಳ್ಳುತ್ತದೆ ಎಂದು ವಿಚಾರ ಮಾಡುವುದಕ್ಕಾಗಿ ಈ ಬರಹ.

ನನ್ನ ಮುಂದಿರುವುದು ದೂರದ ಊರಿನ ಫೋಟೋ. ರದ್ದಿ ಅಂಗಡಿಯವನು ಕೆ.ಜಿ. ಲೆಕ್ಕದಲ್ಲಿ ತೂಗಿ ಕೊಟ್ಟ ಹಳೇ ಇಂಗ್ಲಿಷ್ ಪತ್ರಿಕೆಯ ನಡುವಿನ ಎರಡು ಪುಟ. 1976ರ ಜುಲೈ 4, ನ್ಯೂಯಾರ್ಕ್ ಬಂದರು. ಅಮೆರಿಕ ತಾನು ಸ್ವತಂತ್ರವೆಂದು ಸಾರಿಕೊಂಡು 200 ವರ್ಷ ತುಂಬಿದ ಹಬ್ಬ. 'ಆಪರೇಷನ್ ಸೈಲ್' ಎಂದು ಅದರ ಹೆಸರು. ಲೋಕದಲ್ಲಿ ಆಗ ಉಳಿದಿದ್ದ ಭಾರಿ ಹಾಯಿಹಡಗುಗಳಲ್ಲಿ 16 ಬಂದಿದ್ದವು. ಅವುಗಳ ಹಿಂದೆ 200ಕ್ಕೂ ಹೆಚ್ಚು ಹಾಯಿದೋಣಿಗಳು. ವೆರಜಾನೋ ಸೇತುವೆಯ ಕಡೆಯಿಂದ ಹೊರಟು ಹಡ್ಸನ್ ನದಿಯ ಮೇಲೆ ಜಾರ್ಜ್ ವಾಷಿಂಗ್ಟನ್ ಸೇತುವೆಯವರೆಗೆ ಮೆರವಣಿಗೆ. ಹಲವು ದೇಶಗಳ ಯುದ್ಧನೌಕೆಗಳು ಲಂಗರು ಹಾಕಿ ನಿಂತಿದ್ದವು. 'ಫಾರೆಸ್ಟಲ್' ಎಂಬ ವಿಮಾನವಾಹಕ ನೌಕೆಗೆ ಅಧ್ಯಕ್ಷ ಜೆರಾಲ್ಡ್ ಫೋರ್ಡ್ ಬಂದಿದ್ದರು. ದಡದ ತುಂಬ ಲಕ್ಷಗಟ್ಟಲೆ ಜನ.

ಫೋಟೋದ ತುಂಬ ಬಿಳಿ ಹಾಯಿ. ಅಡಿಬರಹದಲ್ಲಿ ಹಡಗಿನ ಹೆಸರು, ದೇಶ, ಕಟ್ಟಿದ ವರ್ಷ. ಎಡದಿಂದ ಬಲಕ್ಕೆ. ಬಲಗಡೆ ಮೂಲೆಯಲ್ಲಿ, ಪುಟ ಮುಗಿಯುವ ಕಡೆ, ಅರ್ಧ ಕತ್ತರಿಸಿ ಹೋದ ಒಂದು ಗಿಡ್ಡ ದೋಣಿ. ಕಪ್ಪು ಹೊಗೆಕೊಳವೆ, ಮೂತಿಗೆ ಹಳೇ ಹಗ್ಗದ ಗಡ್ಡ. ಅದರ ಅಂಚಿನಲ್ಲಿ ಕೈಕಟ್ಟಿ ನಿಂತ ಒಬ್ಬ ಮನುಷ್ಯ. ಅವನಿಗೂ ಹೆಸರಿಲ್ಲ, ಅವನ ದೋಣಿಗೂ ಹೆಸರಿಲ್ಲ. ಅಡಿಬರಹ ಅವನ ಹತ್ತಿರ ಬರುವ ಮೊದಲೇ ಮುಗಿದುಹೋಗಿದೆ.

ಆ ಗಿಡ್ಡ ದೋಣಿಯ ಹೆಸರು ಟಗ್ಗು. ಮೈ ಸಣ್ಣದು, ಎಂಜಿನು ದೊಡ್ಡದು. ಸಾವಿರ, ಎರಡು ಸಾವಿರ ಕುದುರೆಶಕ್ತಿಯ ಎಂಜಿನನ್ನು ಹೊಟ್ಟೆಯಲ್ಲಿಟ್ಟುಕೊಂಡು ಅದು ಮಾಡುವ ಕೆಲಸ ಎಳೆಯುವುದು, ನೂಕುವುದು, ತಡೆಯುವುದು. ಸಾಗರ ದಾಟಿ ಬಂದ ಮಹಾ ಹಡಗು ಬಂದರಿನ ಇಕ್ಕಟ್ಟಿಗೆ ಬಂದಾಗ ಸ್ವಂತ ಬಲದಿಂದ ತಿರುಗಲಾರದು. ನೀರಿನ ಸೆಳೆತ ಒಂದು ಕಡೆ, ಗಾಳಿ ಇನ್ನೊಂದು ಕಡೆ. ಆಗ ಟಗ್ಗು ಬಂದು ಅದರ ಪಕ್ಕೆಗೆ ಮೂತಿ ಕೊಟ್ಟು ಮೆಲ್ಲಗೆ ದಕ್ಕೆಗೆ ಒತ್ತಬೇಕು. ದೊಡ್ಡವರ ಮೈ ತರಚಬಾರದು ಎಂದೇ ಹಗ್ಗದ ಆ ಗಡ್ಡ. ಹಡಗು ಬಂತು ಎಂದು ಬ್ಯಾಂಡು ಬಾರಿಸುವ ಹೊತ್ತಿಗೆ ಟಗ್ಗು ಅಲ್ಲಿಂದ ಹೋಗಿರುತ್ತದೆ.

ಇಂಥ ಹಬ್ಬದ ಫೋಟೋಗಳನ್ನು ಇಟ್ಟುಕೊಂಡು ಇದು ಯಾವ ಹಡಗು, ಅದು ಯಾವ ಟಗ್ಗು ಎಂದು ಪತ್ತೆ ಹಚ್ಚುವ ಜನರಿದ್ದಾರೆ. ಹಳೇ ನಾವಿಕರು, ಬಂದರಿನಲ್ಲಿ ದುಡಿದು ನಿವೃತ್ತರಾದವರು, ವಸ್ತು ಸಂಗ್ರಹಾಲಯದವರು. ಮೊದಲು ಇದನ್ನು ತಿಳಿದಾಗ ನನಗೆ ನಗು ಬಂತು. ಹೊಟ್ಟೆ ತುಂಬಿದವರ ಹೊತ್ತು ಕಳೆಯುವ ಆಟ ಅಂದುಕೊಂಡೆ. ಅವರು ಪತ್ತೆ ಹಚ್ಚುವ ಬಗೆಯನ್ನು ಒಂದೊಂದಾಗಿ ತಿಳಿಯುತ್ತ ಹೋದಂತೆ ನಗು ನಿಂತುಹೋಯಿತು. ನಮ್ಮ ವಿಮರ್ಶೆ ಕಲಿಯಬೇಕಾದ ಪಾಠ ಅದರಲ್ಲಿದೆ.

ಮೊದಲು ಹಾಯಿಹಡಗು. ಹಾಯಿ ಕಟ್ಟುವ ಕೂವೆಮರ ಎಷ್ಟು, ಎಣಿಸು. ಆಮೇಲೆ ಕೂವೆಮರಕ್ಕೆ ಅಡ್ಡಮರಗಳಿವೆಯೇ, ಯಾವ ಯಾವ ಕೂವೆಗೆ ಇವೆ ಎಂದು ನೋಡು. ಮೂರು ಕೂವೆಗೂ ಅಡ್ಡಮರವಿದ್ದರೆ ಒಂದು ಜಾತಿ: ಇಟಲಿಯ 'ಅಮೆರಿಗೋ ವೆಸ್ಪುಚಿ', ಅರ್ಜೆಂಟೀನಾದ 'ಲಿಬರ್ಟಾಡ್', ಪೋಲೆಂಡಿನ 'ದಾರ್ ಪೊಮೋಝಾ' ಇವೆಲ್ಲ ಆ ಸಾಲಿನವು. ಹಿಂದಿನ ಕೂವೆಗೆ ಅಡ್ಡಮರವಿಲ್ಲದಿದ್ದರೆ ಅದು ಬಾರ್ಕ್. ನಾಲ್ಕು ಕೂವೆಯ ಬಾರ್ಕ್ ಆ ದಿನದ ಸಾಲಿನಲ್ಲಿ ಎರಡೇ: ಜಪಾನಿನ 'ನಿಪ್ಪನ್ ಮಾರು', ಸೋವಿಯತ್ ದೇಶದ 'ಕ್ರುಝೆನ್‌ಶ್ತೆರ್ನ್'. ಒಡಲು ಬಿಳಿಯದಾದರೆ ಜಪಾನಿನದು. ಕಪ್ಪು ಒಡಲಿಗೆ ಬಿಳಿ ಪಟ್ಟೆ ಎಳೆದು, ಅದರಲ್ಲಿ ಫಿರಂಗಿ ಕಿಂಡಿಗಳ ಹಾಗೆ ಕಪ್ಪು ಚೌಕ ಬರೆದಿದ್ದರೆ ಸೋವಿಯತ್ತಿನದು.

ಫೋಟೋದ ಮೇಲೆ ತಾರೀಖಿಲ್ಲದಿದ್ದರೆ ಹಿನ್ನೆಲೆಯನ್ನು ಓದಬೇಕು. ಇಂಥ ಹಬ್ಬ ಮೊದಲು ನಡೆದದ್ದು 1964ರ ಜುಲೈಯಲ್ಲಿ. ಆಗ ವೆರಜಾನೋ ಸೇತುವೆ ಇನ್ನೂ ತೆರೆದಿರಲಿಲ್ಲ, ತೆರೆದದ್ದು ಅದೇ ವರ್ಷದ ನವೆಂಬರಿನಲ್ಲಿ. ವಿಶ್ವ ವ್ಯಾಪಾರ ಕೇಂದ್ರದ ಜೋಡಿ ಗೋಪುರ ಉದ್ಘಾಟನೆಯಾದದ್ದು 1973ರಲ್ಲಿ, ಉರುಳಿದ್ದು 2001ರಲ್ಲಿ. ಗೋಪುರಗಳು ಪೂರ್ತಿಯಾಗಿ ನಿಂತಿದ್ದರೆ ಫೋಟೋ ಆ ನಡುವಿನದು. ಸ್ವಾತಂತ್ರ್ಯ ದೇವತೆಯ ವಿಗ್ರಹದ ಕೈಯ ಪಂಜು ನೋಡು. ಜ್ವಾಲೆ ಚಿನ್ನದ ತಗಡಿನದಾದರೆ 1986ರ ಶತಮಾನೋತ್ಸವದ್ದೋ ಅದರ ಈಚಿನದ್ದೋ. ಗಾಜು ಕೂರಿಸಿದ್ದಾದರೆ ಅದಕ್ಕೆ ಹಿಂದಿನದು. ಮೆರವಣಿಗೆಯ ಮುಂದಾಳು ಅಮೆರಿಕದ 'ಈಗಲ್' ಹಡಗಿನ ಬಿಳಿ ಒಡಲ ಮೇಲೆ ಓರೆಯಾಗಿ ಕೆಂಪು ಪಟ್ಟೆ ಇದೆಯೇ? ಅದನ್ನು ಬಳಿದದ್ದು 1976ರಲ್ಲಿ. ಇಲ್ಲದಿದ್ದರೆ ಫೋಟೋ ಅದಕ್ಕೂ ಹಳೆಯದು.

ಇನ್ನು ಟಗ್ಗು. ಅದಕ್ಕೆ ಹಾಯಿಯಿಲ್ಲ, ಕೂವೆಯ ಸೊಬಗಿಲ್ಲ. ಅದರ ಗುರುತೆಲ್ಲ ಹೊಗೆಕೊಳವೆಯ ಮೇಲೆ. ಕಪ್ಪು ಕೊಳವೆಯ ಮೇಲೆ ಬಿಳಿ 'ಎಂ' ಅಕ್ಷರವಿದ್ದರೆ 1860ರಲ್ಲಿ ಶುರುವಾದ ಮೋರನ್ ಕಂಪನಿ. ಕೆಂಪು ಕೊಳವೆಗೆ ಬಿಳಿ ಪಟ್ಟೆಗಳಿದ್ದರೆ 1864ರಲ್ಲಿ ಶುರುವಾದ ಮೆಕಾಲಿಸ್ಟರ್ ಕಂಪನಿ. ಚುಕ್ಕಾಣಿ ಕೋಣೆ ಬಹಳ ಎತ್ತರದಲ್ಲಿದ್ದರೆ ಅದು ರೈಲ್ವೆ ಕಂಪನಿಯ ಟಗ್ಗಾಗಿರಬಹುದು. ರೈಲು ಡಬ್ಬಿಗಳನ್ನು ತೆಪ್ಪದ ಮೇಲೇರಿಸಿ ಪಕ್ಕದಲ್ಲಿ ಕಟ್ಟಿಕೊಂಡು ನದಿ ದಾಟಿಸುವಾಗ, ಡಬ್ಬಿಯ ನೆತ್ತಿಯ ಮೇಲಿಂದ ದಾರಿ ಕಾಣಬೇಕಲ್ಲ! ಕೋಣೆ ಬಹಳ ತಗ್ಗಿನಲ್ಲಿದ್ದರೆ ಅದು ಕಾಲುವೆಗೆ ಹೋಗುವ ಟಗ್ಗು. ಕಾಲುವೆಯ ಸೇತುವೆಗಳ ಕೆಳಗೆ ತಲೆ ತಗ್ಗಿಸಬೇಕು. ಕೊಳವೆ ಉದ್ದಕ್ಕೆ ತೆಳ್ಳಗಿದ್ದರೆ ಉಗಿ ಎಂಜಿನಿನ ಕಾಲದ್ದು, ಗಿಡ್ಡ ದಪ್ಪಗಿದ್ದರೆ ಡೀಸೆಲಿನದು. ನೀರಿನ ಕಾರಂಜಿ ಚಿಮ್ಮಿಸುತ್ತಿದ್ದರೆ ಅದು ಟಗ್ಗಲ್ಲದೆ ಬೆಂಕಿ ಆರಿಸುವ ಇಲಾಖೆಯ ದೋಣಿಯಾಗಿರಬಹುದು. ಇವೆರಡನ್ನು ಅದಲು ಬದಲು ಮಾಡುವವರೇ ಹೆಚ್ಚು.

ಇನ್ನೂ ಒಂದು ಸೂಕ್ಷ್ಮವಿದೆ. ಶತಮಾನದ ಮೊದಲ ದಶಕಗಳಲ್ಲಿ ಬಳಕೆಯಲ್ಲಿದ್ದ ಫಿಲಮಿಗೆ ಕೆಂಪು ಬಣ್ಣ ಕಾಣುತ್ತಿರಲಿಲ್ಲ. ಕೆಂಪೆಲ್ಲ ಕಪ್ಪಾಗಿ ಬೀಳುತ್ತಿತ್ತು. ಹಾಗಾಗಿ ಆ ಕಾಲದ ಫೋಟೋದಲ್ಲಿ ಕಪ್ಪಾಗಿ ಕಂಡದ್ದು ನಿಜಕ್ಕೂ ಕಪ್ಪೇ ಇದ್ದಿರಬೇಕೆಂದಿಲ್ಲ. ಕೆಂಪನ್ನು ನೋಡಲಾರದ ಕಣ್ಣಿಗೆ ಕೆಂಪು ಕಪ್ಪಾಗಿಯೇ ಕಾಣುತ್ತದೆ ಎಂಬ ಮಾತನ್ನು ನಮ್ಮ ಸಾಹಿತ್ಯ ಚರಿತ್ರೆಕಾರರೂ ನೆನಪಿಟ್ಟುಕೊಳ್ಳುವುದು ಒಳ್ಳೆಯದು.

ಗೆಳೆಯರೇ, ಇಲ್ಲಿಗೆ ನಿಂತರೆ ಇದು ಬರೀ ಜಾಣತನ. ನವ್ಯ ವಿಮರ್ಶಕರು ನಮಗೆ ಹೇಳುತ್ತಿದ್ದುದು ಇದನ್ನೇ ತಾನೆ? "ಕೃತಿಯನ್ನು ನೋಡಿ, ಕೃತಿಯೊಳಗೇ ನೋಡಿ, ಅದರ ಹೊರಗಿನದು ಸಮಾಜಶಾಸ್ತ್ರ." ಆದರೆ ಫೋಟೋದಲ್ಲಿರುವ ಹಡಗನ್ನು ಎಷ್ಟು ಹತ್ತಿರದಿಂದ ನೋಡಿದರೆ ಅಷ್ಟು ಬೇಗ ಅದು ನಮ್ಮನ್ನು ಫೋಟೋದ ಚೌಕಟ್ಟಿನಿಂದ ಆಚೆಗೆ ತಳ್ಳುತ್ತದೆ. ಕೆಂಪು ಪಟ್ಟೆಯನ್ನು ನೋಡಿ 'ಈಗಲ್' ಎಂದು ಗುರುತು ಹಿಡಿದೆವು. ಸರಿ, ಅದಕ್ಕೆ ಮೊದಲು ಅದರ ಹೆಸರೇನಿತ್ತು?

'ಹೋರ್ಸ್ಟ್ ವೆಸೆಲ್'. 1936ರಲ್ಲಿ ಹ್ಯಾಂಬರ್ಗಿನ ಬ್ಲೋಮ್ ಉಂಡ್ ಫೋಸ್ ಕಾರ್ಖಾನೆಯಲ್ಲಿ, ಹಿಟ್ಲರನ ನೌಕಾಪಡೆಗಾಗಿ ಕಟ್ಟಿದ ಹಡಗು ಅದು. ನೀರಿಗಿಳಿಸುವ ದಿನ ಹಿಟ್ಲರನೇ ಬಂದಿದ್ದ. ಹೆಸರು ಒಬ್ಬ ನಾತ್ಸಿ ಪುಂಡನದು; ಅವನನ್ನು ಹುತಾತ್ಮನೆಂದು ಆ ಪಕ್ಷ ಮೆರೆಸಿತ್ತು. ಯುದ್ಧದಲ್ಲಿ ಜರ್ಮನಿ ಸೋತ ಮೇಲೆ, 1946ರಲ್ಲಿ, ಅಮೆರಿಕ ಅದನ್ನು ಪರಿಹಾರವಾಗಿ ತೆಗೆದುಕೊಂಡು 'ಈಗಲ್' ಎಂದು ಕರೆಯಿತು. ಸ್ವಾತಂತ್ರ್ಯದ 200ನೇ ವರ್ಷದ ಮೆರವಣಿಗೆಯ ಮುಂದಾಳು ಹಡಗು ಇದು!

ಅದರ ಅಚ್ಚಿನಲ್ಲೇ ಎರಕ ಹೊಯ್ದಂಥ ಇನ್ನೂ ನಾಲ್ಕು ಹಡಗುಗಳು ಆ ದಿನ ನದಿಯಲ್ಲಿದ್ದವು. ಸೋವಿಯತ್ತಿನ 'ತೊವಾರಿಷ್' (ಸಂಗಾತಿ ಎಂದು ಅರ್ಥ) ಹಿಂದೆ ಜರ್ಮನಿಯ 'ಗೋರ್ಖ್ ಫೋಕ್', 1933ರದು. 1945ರಲ್ಲಿ ಮುಳುಗಿದ್ದನ್ನು ಸೋವಿಯತ್ತಿನವರು ಮೇಲೆತ್ತಿ ದುರಸ್ತಿ ಮಾಡಿಕೊಂಡರು. ಹಾಯಿಯ ಮೇಲೆ ಕೆಂಪು ಶಿಲುಬೆ ಬರೆದುಕೊಂಡ ಪೋರ್ಚುಗಲ್ಲಿನ 'ಸಾಗ್ರೆಸ್' ಹಿಂದೆ 'ಆಲ್ಬರ್ಟ್ ಲಿಯೋ ಶ್ಲಾಗೆಟರ್'. ರುಮೇನಿಯಾದ 'ಮಿರ್ಚಾ' 1938ರಲ್ಲಿ ಅದೇ ಕಾರ್ಖಾನೆಯಲ್ಲಿ ಹುಟ್ಟಿದ್ದು. ಪಶ್ಚಿಮ ಜರ್ಮನಿಯ ಎರಡನೆಯ 'ಗೋರ್ಖ್ ಫೋಕ್' 1958ರದು. ಕಪ್ಪು ಒಡಲಿನ 'ಕ್ರುಝೆನ್‌ಶ್ತೆರ್ನ್' ಕೂಡ 1926ರಲ್ಲಿ ಜರ್ಮನಿಯಲ್ಲಿ 'ಪಾದುವಾ' ಎಂಬ ಹೆಸರಿನಿಂದ ಹುಟ್ಟಿ, ಎಂಜಿನಿಲ್ಲದೆ ಸಾಗರ ತಿರುಗಿದ ಸರಕಿನ ಹಡಗು. ಆರು ಹಡಗು, ಐದು ಬಾವುಟ. ಅಡಿಬರಹ ಮಾತ್ರ ಈಗಿನ ಹೆಸರನ್ನು ಹೇಳಿ ಸುಮ್ಮನಾಗುತ್ತದೆ.

ಹೆಸರು ಬದಲಾಯಿಸಿದರೆ ಹಳೇ ಪಾಪ ಹೋಗುತ್ತದೆಯೇ? ಹಡಗಿನ ಮರಕ್ಕೆ, ಕಬ್ಬಿಣಕ್ಕೆ ಪಾಪವಿಲ್ಲ, ಒಪ್ಪೋಣ. ಅದೇ ಡೆಕ್ಕಿನ ಮೇಲೆ ಆಮೇಲೆ ಬೇರೆ ಹುಡುಗರು ಬೇರೆ ಪಾಠ ಕಲಿತರು, ಅದನ್ನೂ ಒಪ್ಪೋಣ. ಆದರೆ ದೊಡ್ಡವರಿಗೆ ಹೆಸರು ಬದಲಾಯಿಸಿಕೊಂಡು ಹೊಸದಾಗಿ ಹುಟ್ಟುವ ಸವಲತ್ತು ಎಷ್ಟು ಸಲೀಸಾಗಿ ಸಿಗುತ್ತದೆ ನೋಡಿ. ನಮ್ಮ ಹುಡುಗ ಪಟ್ಟಣಕ್ಕೆ ಬಂದು ಹೆಸರಿನ ಮುಂದಿನ ಎರಡಕ್ಷರ ಬದಲಾಯಿಸಿಕೊಂಡರೂ ಬಾಡಿಗೆ ಮನೆಯ ಬಾಗಿಲಲ್ಲಿ "ನೀವು ಯಾವ ಪೈಕಿ?" ಎಂಬ ಪ್ರಶ್ನೆ ತಪ್ಪುವುದಿಲ್ಲ.

ಈಗ ಆ ಫೋಟೋದಲ್ಲಿ ಎಲ್ಲಕ್ಕಿಂತ ಚೆಲುವಾದ ಹಡಗಿಗೆ ಬರುತ್ತೇನೆ. ನಾಲ್ಕು ಕೂವೆ, ಬೆಣ್ಣೆಯಂಥ ಬಿಳಿ ಒಡಲು. ಅಂಥದೇ ಇನ್ನೊಂದು ಅದೇ ಮೆರವಣಿಗೆಯಲ್ಲಿದೆ, ಸ್ಪೇನಿನ 'ಹುವಾನ್ ಸೆಬಾಸ್ಟಿಯನ್ ದೆ ಎಲ್ಕಾನೋ'. ಎರಡೂ ಸ್ಪೇನಿನ ಕಾಡಿಸ್ ಊರಿನಲ್ಲಿ ಕಟ್ಟಿದವು. ಒಂದು ನೀರಿಗಿಳಿದದ್ದು 1927ರಲ್ಲಿ, ಇನ್ನೊಂದು 1953ರಲ್ಲಿ. ಗೊಂದಲವಾಗುವುದು ಸಹಜ. ಆಗ ಬಾವುಟ ನೋಡಬೇಕು, ಮೂತಿಯ ಬೊಂಬೆ ನೋಡಬೇಕು. ಬೊಂಬೆ ಕೊಂಡೋರ್ ಆಗಿದ್ದರೆ, ಅಂದರೆ ಆಂಡಿಸ್ ಪರ್ವತದ ರಣಹದ್ದಾಗಿದ್ದರೆ, ಅದು ಚಿಲಿ ದೇಶದ 'ಎಸ್ಮೆರಾಲ್ಡಾ'. ಆ ದೇಶದವರು ಪ್ರೀತಿಯಿಂದ ಅದನ್ನು 'ಬಿಳಿ ದೊರೆಸಾನಿ' ಅನ್ನುತ್ತಾರೆ.

1973ರ ಸೆಪ್ಟೆಂಬರ್ 11ರಂದು ಚಿಲಿಯ ಸೈನ್ಯ ಜನ ಆರಿಸಿದ ಅಯೆಂದೆ ಸರ್ಕಾರವನ್ನು ಕೆಡವಿತು. ಪಿನೋಚೆಯ ಆಳ್ವಿಕೆ ಶುರುವಾಯಿತು. ವಾಲ್‌ಪರೈಸೋ ಬಂದರಿನಲ್ಲಿ ಈ ಬಿಳಿ ದೊರೆಸಾನಿಯನ್ನು ಸೆರೆಮನೆ ಮಾಡಿದರು. ಕಾರ್ಮಿಕರು, ವಿದ್ಯಾರ್ಥಿಗಳು, ಮೇಷ್ಟ್ರುಗಳು, ಗಂಡಸರು, ಹೆಂಗಸರು, ಎಲ್ಲರನ್ನೂ ಅದರೊಳಗೆ ತಂದು ಹಿಂಸಿಸಿದರು. ಇದು ನನ್ನ ಕಟ್ಟುಕತೆಯಲ್ಲ. ಆಮ್ನೆಸ್ಟಿ ಇಂಟರ್‌ನ್ಯಾಷನಲ್ ಸಂಸ್ಥೆಯ ವರದಿಯಲ್ಲಿದೆ, ಅಮೆರಿಕದ ಸೆನೆಟ್ಟಿನ ವರದಿಯಲ್ಲಿದೆ, ಚಿಲಿಯದೇ ಸತ್ಯ ಮತ್ತು ಸಂಧಾನ ಆಯೋಗದ ವರದಿಯಲ್ಲಿದೆ. ಮೈಕೆಲ್ ವುಡ್‌ವರ್ಡ್ ಎಂಬ ಪಾದ್ರಿ, ಬಡವರ ನಡುವೆ ಬಾಳಿ ದುಡಿದವರು, ಆ ಸೆಪ್ಟೆಂಬರಿನಲ್ಲಿ ಅಲ್ಲಿ ಹಿಂಸೆಗೊಳಗಾಗಿ ಸತ್ತರು. ದೇಹ ಅವರ ಮನೆಯವರ ಕೈಗೆ ಸಿಗಲಿಲ್ಲ.

ಮೂರು ವರ್ಷವೂ ತುಂಬಿರಲಿಲ್ಲ, ಅದೇ ಹಡಗು ಸ್ವಾತಂತ್ರ್ಯ ದೇವತೆಯ ಮುಂದೆ ಹಾಯಿ ಬಿಚ್ಚಿಕೊಂಡು ಹೋಯಿತು. ಪ್ರತಿಭಟಿಸಿದವರು ಇದ್ದರು. ಹಡಗು ಬಂದೇ ಬಂತು. ನನ್ನ ಪುಟದ ಅಡಿಬರಹದಲ್ಲಿ ಅದರ ಹೆಸರು, ದೇಶ, ಕೂವೆಗಳ ಲೆಕ್ಕ ಇದೆ. ಅದರ ಹೊಟ್ಟೆಯೊಳಗೆ ಕೂಗಿದವರ ಲೆಕ್ಕ ಇಲ್ಲ. ಈಗ ಹೇಳಿ, 'ಇದು ಯಾವ ಹಡಗು' ಎಂದು ಪತ್ತೆ ಹಚ್ಚುವುದು ಹೊತ್ತು ಕಳೆಯುವ ಆಟವೇ? ಆ ರಣಹದ್ದಿನ ಬೊಂಬೆ ಕಣ್ಣಿಗೆ ಬೀಳದಿದ್ದರೆ ಸ್ಪೇನಿನ ಹಡಗಿನ ತಲೆಗೆ ಚಿಲಿಯ ಅಪರಾಧ ಕಟ್ಟುತ್ತಿದ್ದೆವು. ಸ್ಪೇನಿಗೂ ಅದರದೇ ಪಾಪಗಳಿದ್ದಾವು, ಆದರೆ ಇದು ಅದರದಲ್ಲ. ಸಿಟ್ಟಿಗೂ ಸರಿಯಾದ ವಿಳಾಸ ಬೇಕು. ನಮ್ಮ ಬಂಡಾಯದ ಪದ್ಯಗಳಲ್ಲಿ ಎಷ್ಟೋ ಸಲ ಸಿಟ್ಟು ಇರುತ್ತದೆ, ವಿಳಾಸ ಇರುವುದಿಲ್ಲ. 'ವ್ಯವಸ್ಥೆ' ಎಂದು ಬರೆದು ಅಂಚೆ ಡಬ್ಬಿಗೆ ಹಾಕಿದ ಕಾಗದ ಯಾರ ಮನೆಗೂ ಮುಟ್ಟುವುದಿಲ್ಲ. ಇದನ್ನು ನಾನು ನನಗೇ ಮೊದಲು ಹೇಳಿಕೊಳ್ಳುತ್ತೇನೆ.

ಇನ್ನು ಮೂಲೆಯ ಟಗ್ಗಿಗೆ ಬರೋಣ. ಈ ಫೋಟೋವನ್ನು ಗೆಳೆಯರಿಗೆ ತೋರಿಸಿದಾಗ ಒಬ್ಬ ತಕ್ಷಣ ಹೇಳಿದ: "ದೊಡ್ಡ ಹಡಗು ಬ್ರಾಹ್ಮಣ, ಟಗ್ಗು ದಲಿತ. ಪದ್ಯ ಬರಿ." ಬರೆಯಬಹುದಿತ್ತು. ಬರೆದರೆ ಚಪ್ಪಾಳೆಯೂ ಬೀಳುತ್ತಿತ್ತು. ಆದರೆ ಅಷ್ಟು ಸುಲಭವಾಗಿ ಸಿಗುವ ಪ್ರತಿಮೆಯ ಮೇಲೆ ನನಗೆ ಅನುಮಾನ. ಎರಡು ಕಾರಣ ಹೇಳುತ್ತೇನೆ.

ಒಂದು. ಟಗ್ಗಿನ ಜನ ಬರೀ ಮೌನವಾಗಿ ಹೊತ್ತವರಲ್ಲ. ನ್ಯೂಯಾರ್ಕಿಗೆ ಬೇಕಾದ ಕಲ್ಲಿದ್ದಲು, ಎಣ್ಣೆ ಬಾರ್ಜುಗಳಲ್ಲಿ ಬರುತ್ತಿದ್ದ ಕಾಲ. 1946ರ ಫೆಬ್ರವರಿ 4ರಂದು ಟಗ್ಗಿನ ಸುಮಾರು 3,500 ಕೆಲಸಗಾರರು ಮುಷ್ಕರ ಹೂಡಿದರು. ಬಾರ್ಜುಗಳು ನಿಂತಲ್ಲೇ ನಿಂತವು. ಒಲೆಗೆ ಉರುವಲಿಲ್ಲ, ಚಳಿಗಾಲದ ನಡುಮಧ್ಯ. ಎಪ್ಪತ್ತು ಲಕ್ಷಕ್ಕೂ ಹೆಚ್ಚು ಜನರ ನಗರ ಅದು. ಫೆಬ್ರವರಿ 12ರಂದು ಮೇಯರ್ ವಿಲಿಯಂ ಓಡ್ವಯರ್ ಇಡೀ ನಗರದ ಅಂಗಡಿ, ಕಚೇರಿ, ಸಿನಿಮಾ ಮಂದಿರಗಳನ್ನೆಲ್ಲ ಮುಚ್ಚಿಸಬೇಕಾಯಿತು. ಯಾವ ಅಡಿಬರಹದಲ್ಲೂ ಹೆಸರಿಲ್ಲದವರು ಕೈ ಕಟ್ಟಿ ಕೂತರು, ಅಷ್ಟೆ. ಆಕಾಶ ಮುಟ್ಟುವ ಕಟ್ಟಡಗಳ ನಗರ ಬಾಗಿಲು ಹಾಕಿಕೊಂಡಿತು. ಟಗ್ಗನ್ನು ಬರೀ ಮರುಕದ ಪ್ರತಿಮೆ ಮಾಡಿದರೆ ಈ ಫೆಬ್ರವರಿಯನ್ನು ಅಳಿಸಿದ ಹಾಗಾಗುತ್ತದೆ. ಮರುಕ ಎಂಬುದು ಮೇಲಿನವರು ಕೊಡುವ ಭಿಕ್ಷೆ. ಆ 3,500 ಜನ ಕೇಳಿದ್ದು ಕೂಲಿಯನ್ನು, ದುಡಿಮೆಯ ಗಂಟೆಗಳ ಲೆಕ್ಕವನ್ನು.

ಎರಡು. ಟಗ್ಗಿನ ಹೆಸರನ್ನು ಪತ್ತೆ ಹಚ್ಚಿದೆವು ಎಂದೇ ಇಟ್ಟುಕೊಳ್ಳಿ. ಕೊಳವೆಯ ಮೇಲೆ 'ಎಂ' ಇದೆ, ಚುಕ್ಕಾಣಿ ಕೋಣೆಯ ಪಕ್ಕದ ಹಲಗೆಯ ಮೇಲೆ ಹೆಸರಿದೆ: 'ಗ್ರೇಸ್ ಮೋರನ್', 'ಎಸ್ತರ್ ಮೋರನ್', ಹೀಗೆ. ಇವು ಯಾರ ಹೆಸರು? ಒಡೆಯರ ಮನೆತನದ ಹೆಸರು. ದುಡಿಯುವ ದೋಣಿಗೆ ಧಣಿಯ ಮನೆಯವರ ಹೆಸರು. ನಮ್ಮೂರ ಗೌಡರ ಎತ್ತಿನ ಮೈಮೇಲಿನ ಬರೆ ಯಾರದು ಎಂದು ಹೇಳುತ್ತದೆಯೇ ಹೊರತು ಎತ್ತು ಉತ್ತವನು ಯಾರು ಎಂದು ಹೇಳುವುದಿಲ್ಲವಲ್ಲ, ಹಾಗೆ. ಅಂದರೆ ಪತ್ತೆ ಹಚ್ಚುವವರು ಕಷ್ಟಪಟ್ಟು, ಭೂತಗನ್ನಡಿ ಹಿಡಿದು, ಕೊನೆಗೆ ಮುಟ್ಟುವುದು ಕಂಪನಿಯ ಬಾಗಿಲಿಗೆ. ದೋಣಿಯ ಉದ್ದ ಗೊತ್ತಾಯಿತು, ಕುದುರೆಶಕ್ತಿ ಗೊತ್ತಾಯಿತು, ಯಾವ ವರ್ಷ ಯಾರಿಗೆ ಮಾರಿದರು ಎಂಬುದೂ ಗೊತ್ತಾಯಿತು. ಅಂಚಿನಲ್ಲಿ ಕೈಕಟ್ಟಿ ನಿಂತ ಆ ಖಲಾಸಿ? ಅವನು ಇನ್ನೂ ಕೈಕಟ್ಟಿಕೊಂಡೇ ನಿಂತಿದ್ದಾನೆ.

ತಮಾಷೆಯೆಂದರೆ, ಈ ಹಬ್ಬವನ್ನು ಮೊದಲು ಕನಸು ಕಂಡವರಲ್ಲಿ ಒಬ್ಬರಾದ ಫ್ರಾಂಕ್ ಬ್ರೇನಾರ್ಡ್ ಇದೇ ಮೋರನ್ ಕಂಪನಿಯ ಪ್ರಚಾರದ ಕೆಲಸ ಮಾಡಿದ್ದವರು. ಟಗ್ಗಿನ ಅನ್ನ ತಿಂದವರು ಹಾಯಿಹಡಗಿನ ಹಬ್ಬ ಕಟ್ಟಿದರು. ಅವರನ್ನು ಬೈಯಲು ಈ ಮಾತು ಹೇಳುತ್ತಿಲ್ಲ. ದುಡಿಮೆಯ ಪಕ್ಕದಲ್ಲೇ ಬದುಕಿದವರ ಕಣ್ಣನ್ನೂ ಹಬ್ಬ ಎಂಬುದು ಹೇಗೆ ಮೇಲಕ್ಕೆ, ಹಾಯಿಯ ಕಡೆಗೆ ತಿರುಗಿಸಿಬಿಡುತ್ತದೆ ನೋಡಿ. ನಮ್ಮ ಜಾತ್ರೆಯಲ್ಲೂ ಅಷ್ಟೇ ಅಲ್ವೆ? ಎಲ್ಲರ ಕಣ್ಣು ತೇರಿನ ಕಳಸದ ಮೇಲೆ. ಗಾಲಿಗೆ ಮರದ ತುಂಡು ಕೊಟ್ಟು ತೇರು ನಿಲ್ಲಿಸುವವನ ಬೆರಳ ಮೇಲೆ ಯಾರ ಕಣ್ಣಿದೆ?

ಆದರೂ ಒಂದು ದಿನ ಬಂತು. 2001ರ ಸೆಪ್ಟೆಂಬರ್ 11, ಫೋಟೋದ ಹಿನ್ನೆಲೆಯ ಆ ಜೋಡಿ ಗೋಪುರ ಉರುಳಿದ ದಿನ. ಸೇತುವೆ, ಸುರಂಗ, ರೈಲು ಎಲ್ಲ ಬಂದ್. ಮ್ಯಾನ್‌ಹಟನ್ನಿನ ತುದಿಯಲ್ಲಿ ನೀರಿನ ಅಂಚಿಗೆ ಬಂದು ನಿಂತ ಲಕ್ಷಗಟ್ಟಲೆ ಜನರನ್ನು ಟಗ್ಗುಗಳು, ಫೆರಿಗಳು, ಸಿಕ್ಕ ಸಿಕ್ಕ ದೋಣಿಗಳು ಸೇರಿ ಕೆಲವೇ ಗಂಟೆಗಳಲ್ಲಿ ಆಚೆ ದಡಕ್ಕೆ ದಾಟಿಸಿದವು. ಹಡಗನ್ನು ನೂಕುವುದಕ್ಕೆಂದು ಇದ್ದ ಹಗ್ಗದ ಗಡ್ಡದ ಮೂತಿಯ ಮೇಲೆ ಕಾಲಿಟ್ಟು ಜನ ಹತ್ತಿದರು. ಅವತ್ತು ಯಾರೂ ಕೂವೆ ಎಣಿಸಲಿಲ್ಲ.

ಇಲ್ಲಿ ಒಂದು ತೊಡಕಿನ ಮಾತು ಇದೆ, ಅದನ್ನು ದಾಟಿಕೊಂಡು ಹೋಗುವುದು ಅಪ್ರಾಮಾಣಿಕವಾದೀತು. ಗುರುತು ಹಿಡಿಯುವುದು ಎಂಬ ಕೆಲಸವನ್ನು ನಾನು ಇಷ್ಟು ಹೊಗಳುತ್ತಿದ್ದೇನಲ್ಲ, ಗುರುತು ಹಿಡಿಯುವವರಿಂದಲೇ ಅಲ್ಲವೆ ನಾವು ಸಾವಿರ ವರ್ಷ ಏಟು ತಿಂದದ್ದು? ಹೆಸರು ಕೇಳುವುದು, ಅಪ್ಪನ ಹೆಸರು ಕೇಳುವುದು, ಊರು ಕೇಳುವುದು, ಊರಿನಲ್ಲಿ ಯಾವ ಬೀದಿ ಎಂದು ಕೇಳುವುದು. ಹೊಗೆಕೊಳವೆಯ ಬಣ್ಣ ನೋಡಿ ಕಂಪನಿ ಹೇಳುವ ಹಾಗೆ ಲುಂಗಿ ಉಟ್ಟ ರೀತಿ ನೋಡಿ, ಆಡುವ ಮಾತು ಕೇಳಿ ಜಾತಿ ಹೇಳುವ ನಿಪುಣರು ನಮ್ಮ ಪ್ರತಿ ಹೋಟಲಿನಲ್ಲೂ, ಪ್ರತಿ ಸ್ಟಾಫ್ ರೂಮಿನಲ್ಲೂ ಕೂತಿದ್ದಾರೆ. ಹಾಗಾದರೆ ಆ ಗುರುತಿಗೂ ಈ ಗುರುತಿಗೂ ಏನು ವ್ಯತ್ಯಾಸ?

ನನಗೆ ತೋಚಿದ್ದು ಇಷ್ಟು. ಅವರು ಗುರುತು ಹಿಡಿಯುವುದು ಎಲ್ಲಿ ಕೂರಿಸಬೇಕು, ಎಲ್ಲಿಂದ ಎಬ್ಬಿಸಬೇಕು ಎಂದು ತಿಳಿಯಲಿಕ್ಕೆ. ಗುರುತು ಸಿಕ್ಕ ಕೂಡಲೇ ಮನುಷ್ಯ ಮುಗಿದುಹೋಗುತ್ತಾನೆ. 'ಇವನು ಇಂಥವನು' ಎಂದಾದ ಮೇಲೆ ಅವನ ಬಗ್ಗೆ ಇನ್ನೊಂದು ಪ್ರಶ್ನೆ ಅವರಿಗಿರುವುದಿಲ್ಲ. ನಾವು ಮಾಡಬೇಕಾದ ಗುರುತು ಅಲ್ಲಿಂದ ಶುರುವಾಗಬೇಕು. ಯಾವ ಕೆಲಸ ಮಾಡುತ್ತಿದ್ದ? ಆ ದಿನದ ಕೂಲಿ ಎಷ್ಟು? ಆ ಹಗ್ಗ ಅವನ ಕೈಯನ್ನು ಎಷ್ಟು ಸುಟ್ಟಿತು? ಸಂಜೆ ಯಾವ ಮನೆಗೆ ಹೋದ? ಒಂದು ಗುರುತು ಪ್ರಶ್ನೆಯನ್ನು ಮುಚ್ಚುತ್ತದೆ, ಇನ್ನೊಂದು ತೆರೆಯುತ್ತದೆ. ಅಡಿಬರಹವನ್ನು ವಿಮರ್ಶೆ ಮಾಡಲು ನನ್ನ ಹತ್ತಿರ ಇರುವ ಅಳತೆಗೋಲು ಇದೊಂದೇ.

ಕೊನೆಗೆ ಒಂದು ಸಣ್ಣ ಸಂಗತಿ ಹೇಳಿ ಮುಗಿಸುತ್ತೇನೆ. ಸ್ವಂತದ್ದು, ಕ್ಷಮಿಸಿ.

ನಮ್ಮ ಕಡೆಯ ಒಂದು ಪಂಚಾಯತಿ ಕಟ್ಟಡದಲ್ಲಿ ಹಳೇ ಫೋಟೋ ಒಂದಿದೆ. ಕೆರೆಯ ತೂಬು ದುರಸ್ತಿ ಮುಗಿದ ದಿನ ತೆಗೆದದ್ದು. ಮುಂದಿನ ಸಾಲಿನಲ್ಲಿ ಹಾರ ಹಾಕಿಕೊಂಡವರು ಕುರ್ಚಿಯಲ್ಲಿ ಕೂತಿದ್ದಾರೆ. ಕೆಳಗೆ 'ಎಡದಿಂದ ಬಲಕ್ಕೆ' ಎಂದು ಏಳು ಹೆಸರು. ಅವರ ಹಿಂದೆ, ಏರಿಯ ಮೇಲೆ, ಮಸುಕಾಗಿ ಹದಿನೈದು ಇಪ್ಪತ್ತು ಜನ. ಹಡಗಿನ ಫೋಟೋಗಳ ಹುಚ್ಚು ಹತ್ತಿದ್ದ ದಿನಗಳಲ್ಲೇ ಒಂದು ಸಲ ಅಲ್ಲಿಗೆ ಹೋದವನು ಅದನ್ನು ಮೊಬೈಲಿನಲ್ಲಿ ತೆಗೆದುಕೊಂಡು ಬಂದು ಅವ್ವನಿಗೆ ತೋರಿಸಿದೆ. ಅವ್ವನಿಗೆ ಓದು ಬಾರದು. ಏಳು ಹೆಸರಿನ ಕಡೆ ಅವಳು ನೋಡಲೂ ಇಲ್ಲ. ಬೆರಳು ನೇರ ಏರಿಯ ಮೇಲೆ ಹೋಯಿತು.

"ಲೋ, ಇದು ನಿಮ್ಮಪ್ಪ ಕಣೋ."

"ಮುಖಾನೇ ಕಾಣಲ್ಲವಲ್ಲವ್ವಾ?"

"ಮುಖ ಯಾತಕ್ಕೋ? ಟವಲ್ ಕಟ್ಟಿರೋದು ನೋಡು, ಎಡಗಡೆ ಗಂಟು. ಊರಲ್ಲಿ ಇನ್ಯಾರೂ ಹಂಗೆ ಕಟ್ಟಾಕಿಲ್ಲ. ಪಕ್ಕದಲ್ಲಿ ಸೊಂಟದ ಮ್ಯಾಲೆ ಕೈ ಇಟ್ಕೊಂಡವ್ನಲ್ಲ, ಅದು ನಿನ್ನ ದೊಡ್ಡಪ್ಪ. ಮೂರು ದಿನದ ಕೂಲಿ ಬಾಕಿ ಅಂತ ಅವತ್ತು ಜಗಳ ಆಡಿದ್ದ, ಅದಕ್ಕೇ ಹಂಗೆ ನಿಂತವ್ನೆ."

ಆಮೇಲೆ ಬೆರಳು ಇನ್ನೂ ಅಂಚಿಗೆ ಹೋಯಿತು. ಮಂಕರಿ ಹೊತ್ತ ಒಂದು ಹೆಂಗಸು, ಅರ್ಧ ಮೈ ಚೌಕಟ್ಟಿನಿಂದ ಆಚೆ. ಅವ್ವ ತುಂಬ ಹೊತ್ತು ನೋಡಿದಳು.

"ಇದು ನಾನೇ ಇರಬೇಕು ಕಣೋ. ಮಂಕರಿ ನಮ್ಮದೇ. ಅಂಚು ಹರಿದೋಗಿತ್ತು, ಹಳೇ ಸೀರೆ ಚೂರು ಸುತ್ತಿದ್ದೆ. ನೋಡು, ಬೆಳ್ಳಗೆ ಕಾಣ್ತದೆ."

ಕೊಳವೆಯ ಪಟ್ಟೆ ನೋಡಿ ಟಗ್ಗನ್ನು ಗುರುತು ಹಿಡಿಯುವ ಯಾವ ಪಂಡಿತನಿಗೆ ನಮ್ಮವ್ವ ಕಡಿಮೆ? ಅವಳ ಹತ್ತಿರ ಹೆಸರಿತ್ತು, ಕೆಲಸವಿತ್ತು, ಬಾಕಿ ಉಳಿದ ಕೂಲಿಯ ಲೆಕ್ಕವಿತ್ತು. ಅಚ್ಚಿನ ಅಡಿಬರಹದಲ್ಲಿ ಇಲ್ಲದ್ದೆಲ್ಲ ಇತ್ತು. ತನ್ನನ್ನು ತಾನು ಮುಖದಿಂದಲ್ಲ, ಹೊತ್ತ ಮಂಕರಿಯಿಂದ ಗುರುತು ಹಿಡಿಯಬೇಕಾಗಿ ಬಂತಲ್ಲ, ಅದರ ಬಗ್ಗೆ ನಾನು ಇಲ್ಲಿ ಏನೂ ಹೇಳಲಾರೆ.

ಆ ರಾತ್ರಿ ಅವ್ವ ಹೇಳುತ್ತ ಹೋದಳು, ನಾನು ಬರೆಯುತ್ತ ಹೋದೆ. ಹನ್ನೊಂದು ಜನರ ಹೆಸರು ಸಿಕ್ಕಿತು. ಉಳಿದವರನ್ನು ಇನ್ನೂ ಇಬ್ಬರು ಮುದುಕರನ್ನು ಕೇಳಬೇಕು. ಬರೆದ ಹಾಳೆಯ ತಲೆಯ ಮೇಲೆ 'ಎಡದಿಂದ ಬಲಕ್ಕೆ ಮುಗಿದ ಮೇಲೆ' ಎಂದು ಹಾಕಿದ್ದೇನೆ. ಅದನ್ನು ಆ ಫೋಟೋದ ಕೆಳಗೆ ಅಂಟಿಸಲು ಬಿಡಿ ಎಂದು ಕೇಳಿದ್ದೇನೆ. ನೋಡೋಣ ಅಂದಿದ್ದಾರೆ.

ಹಳ್ಳಿ ಶಾಲೆಯ ಮೇಷ್ಟ್ರುಗಳು ಈ ಪತ್ರಿಕೆ ಓದುತ್ತೀರಿ. ನಿಮ್ಮ ಶಾಲೆಯ, ಸೊಸೈಟಿಯ, ಡೇರಿಯ ಗೋಡೆಯ ಮೇಲೂ ಇಂಥ ಫೋಟೋ ಇದ್ದೇ ಇರುತ್ತದೆ. ಮಕ್ಕಳ ಕೈಗೆ ಒಂದು ಹಾಳೆ ಕೊಟ್ಟು, ಕೇರಿಯ ಅಜ್ಜಿಯರ ಹತ್ತಿರ ಕಳಿಸಿ. ಹಾರ ಹಾಕಿಕೊಂಡವರನ್ನು ಬಿಟ್ಟು ಹಿಂದಿನ ಸಾಲಿನಿಂದ ಶುರು ಮಾಡಲಿಕ್ಕೆ ಹೇಳಿ. ಬೇಗ ಕಳಿಸಿ. ಗುರುತು ಹಿಡಿಯುವವರೂ ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ.